ಮಿಸ್ ರತ್ನಾಳ ರೆಕಾರ್ಡು ಮತ್ತು ಮಾದಪ್ಪನ ಹಲಸಿನ ಹಣ್ಣು

ಶನಿವಾರ ಸಂಜೆ ಐದು ನಲವತ್ತೆರಡಕ್ಕೆ ನನ್ನ ಸ್ಕೂಟಿಯ ಮುಂದೆ ಆನೆ ನಿಂತಿತ್ತು. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು? ಅದೇ ಕ್ಷಣಕ್ಕೆ ಮೊಬೈಲ್ ರಿಂಗಾಗಿತ್ತು. ಸ್ಕ್ರೀನಿನ ಮೇಲೆ ರತ್ನಮ್ಮ.

(ಎತ್ತಲಿಲ್ಲ. ಎತ್ತಿ ಏನು ಹೇಳುವುದು?)

ಚಾಮರಾಜನಗರದ ಗುಜರಿ ಅಂಗಡಿಯಲ್ಲಿ ಹೋದ ತಿಂಗಳು ನನಗೊಂದು ಪುಟ್ಟ ಗ್ರಾಮಫೋನ್ ರೆಕಾರ್ಡ್ ಸಿಕ್ಕಿತು. ಕವರಿನ ಮೇಲೆ ಬೆಲ್‌ಬಾಟಮ್ ತೊಟ್ಟ ಹುಡುಗಿ. 'ಮಿಸ್ ರತ್ನಾ, ಕನ್ನಡ ಪಾಪ್'. ಕನ್ನಡ ಪಾಪ್! ಐವತ್ತು ವರ್ಷದ ಹಿಂದೆ! ನಮ್ಮೂರಲ್ಲಿ! ಆಮೇಲೆ ಎರಡು ದಿನ ಕಾಲೇಜಿನಲ್ಲಿ ಏನು ಪಾಠ ಮಾಡಿದೆನೋ ದೇವರೇ ಬಲ್ಲ.

ಕವರಿನ ಹಿಂದೆ ಡ್ರಮ್ಮರ್ ಹೆಸರಿತ್ತು: ಮಾದಪ್ಪ, ಉಡಿಗಾಲ. ಹುಡುಕಿಕೊಂಡು ಹೋದರೆ ಅವರು ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಿದ್ದರು.

"ರತ್ನಾನಾ? ಅವ್ಳು ಮೈಕ್ ಇಡ್ಕಂಡ್ರೆ ಊಟಿ ಓಟ್ಲಲ್ಲಿ ಜನ ತಟ್ಟೆ ಬುಟ್ಟು ಎದ್ದು ಕುಣಿಯೋರು ಕಣಮ್ಮಿ! ಎರಡು ವರ್ಸ ಆಡಿದ್ಲು. ಒಂದು ರೆಕಾರ್ಡು ಬಂತು. ಮದ್ವೆ ಆಯ್ತು. ಮುಗೀತು."

ಒಬ್ಬ ಗಾಯಕಿಯ ಇಡೀ ಕೆರಿಯರ್, ಒಂದೇ ಉಸಿರಿನಲ್ಲಿ.

ರತ್ನಮ್ಮ ಈಗ ಗುಂಡ್ಲುಪೇಟೆ ಕಡೆ, ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ ಚೆಂಡು ಹೂವು ಬೆಳೆಯುತ್ತಾರೆ. ಫೋನಿನಲ್ಲಿ ಅಂದರು: "ಆ ಪ್ಲೇಟು ನಾನೇ ಕೇಳ್ನಿಲ್ಲ ಕಣವ್ವ. ನಂಗೊಂದು ಕಾಪಿನೂ ಕೊಡ್ನಿಲ್ಲ. ನನ್ನ ದನಿ ಎಂಗಿತ್ತು ಅಂತ ಒಂದ್ಸಲ ಕೇಳ್ಬೇಕು."

ನಾನೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಪ್ಲೇಯರ್ ಇಲ್ಲ, ಮಾದಪ್ಪನವರ ಪ್ಲೇಯರಿಗೆ ಮುಳ್ಳಿಲ್ಲ. ರತ್ನಮ್ಮನ ಪಕ್ಕದ ಮನೆಯಲ್ಲಿ ಎರಡೂ ಇದ್ದವು. ಹೊರಟೆವು.

"ಬರಿಗೈಲಿ ಓಗನಾ? ನಾಚ್ಕೆ ಆಗಲ್ವಾ?" ಎಂದು ಮಾದಪ್ಪ ಒಂದು ಮಾಗಿದ ಹಲಸಿನ ಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತರು. ಹೆಗಲಿಗೆ ರೆಕಾರ್ಡಿನ ಚೀಲ. ಕಾಡಂಚಿನ ದಾರಿ, ಬೇಸಿಗೆ, ಊರೆಲ್ಲ ಘಮ್ಮೆನ್ನುವ ಹಲಸು. ಎಂ.ಎ. ಓದಿದ ನನಗಾದರೂ ಹೊಳೆಯಬೇಡವೇ?

ಇಪ್ಪತ್ತು ಹೆಜ್ಜೆ ದೂರದಲ್ಲಿ ಸೊಂಡಿಲು ಮೇಲೆದ್ದಿತು.

"ಎಸೀರಿ ಮಾದಪ್ಪನವರೇ, ಬೇಗ ಎಸೀರಿ!"

ಎಸೆದರು. ಚೀಲವನ್ನು! ಹಣ್ಣನ್ನು ಕೂಸಿನಂತೆ ತಬ್ಬಿಕೊಂಡೇ ಇದ್ದರು.

ಆನೆ ಚೀಲ ಮೂಸಿತು. ಅದರ ಮೇಲೇ ಕಾಲಿಟ್ಟು ನಮ್ಮತ್ತ ಬಂತು. ಲಟಕ್! ಆಮೇಲೆ ಹಣ್ಣೂ ಉರುಳಿತು. ನಾವು ಸ್ಕೂಟಿ ಬಿಟ್ಟು ಓಡಿದೆವು. ಆನೆ ಹಲಸನ್ನೆತ್ತಿಕೊಂಡು ಲಂಟಾನದ ಪೊದೆಗಳೊಳಗೆ ನಡೆಯಿತು, ಪಾರ್ಸೆಲ್ ತಗೊಂಡವರ ಹಾಗೆ.

ಚೀಲ ಹೆಕ್ಕಿಕೊಂಡು ಹೇಗೋ ಹಳ್ಳಿ ತಲುಪಿದೆವು. ರತ್ನಮ್ಮ ರೆಕಾರ್ಡಿನ ಮೂರು ಚೂರುಗಳನ್ನು ಮೊರದಲ್ಲಿ ಜೋಡಿಸಿದರು. ನಾನು ಅತ್ತುಬಿಟ್ಟೆ. ಅವರು, "ಎರಡ್ನೇ ಚರಣದಲ್ಲಿ ಸುರುತಿ ತಪ್ಪಿದ್ದೆ ಕಣವ್ವ. ಆನೆಗೂ ಗೊತ್ತಾಗ್ಬುಟ್ಟದೆ ನೋಡು" ಎಂದರು. ಮಾದಪ್ಪನತ್ತ ತಿರುಗಿ, "ನೀನು ಆಗ್ಲೂ ತಾಳ ತಪ್ತಿದ್ದೆ ಕಣ್ಲಾ!"

ಎಲ್ಲರೂ ನಕ್ಕೆವು. ಆದರೆ ನಾವು ಹೊರಡುವವರೆಗೂ ಅವರ ಕೈ ಆ ಚೂರುಗಳ ಮೇಲೇ ಇತ್ತು.

ಆಮೇಲೆ ನಿದ್ದೆ ಎಲ್ಲಿಯದು? ಕಣ್ಣು ಮುಚ್ಚಿದರೆ ಸೊಂಡಿಲು, ಕಿವಿಯಲ್ಲಿ ಆ ಲಟಕ್. ಸತ್ತೇಹೋಗುತ್ತಿದ್ದೆವು ಎಂಬ ನಡುಕ ಒಂದು ಕಡೆ, ಆ ಕೈ ಇನ್ನೊಂದು ಕಡೆ.

ಹನ್ನೆರಡನೇ ದಿನ, ಗುರುವಾರ, ರತ್ನಮ್ಮನ ಸೊಸೆಯ ಫೋನಿನಿಂದ ವಾಯ್ಸ್ ಮೆಸೇಜ್ ಬಂತು. ಮಾದಪ್ಪ ಬಕೆಟ್ ಬಾರಿಸುತ್ತಿದ್ದಾರೆ, ರತ್ನಮ್ಮ ಹಾಡುತ್ತಿದ್ದಾರೆ. ಒಡೆದ ದನಿ. ಆದರೂ ಎದೆಯಿಂದ ಕಿತ್ತು ಬರುವ ದನಿ. ನಾನು ಸ್ಟಾಫ್ ರೂಮಿನಲ್ಲಿ ಎದ್ದು ಕುಣಿದೆ. (ಪ್ರಿನ್ಸಿಪಾಲರು ನೋಡಿದರು. ನೋಡಲಿ.)

ಹಿಂದೆಯೇ ಇನ್ನೊಂದು ಮೆಸೇಜ್: "ನಾನೂ ಕೇಳ್ದೆ ಕಣವ್ವ. ಪರ್ವಾಗಿಲ್ಲ, ಚೆನ್ನಾಗೇ ಆಡ್ತೀನಿ!"

ಎರಡನೇ ಚರಣದಲ್ಲಿ ಶ್ರುತಿ ಮತ್ತೆ ತಪ್ಪಿತ್ತು. ಆ ರಾತ್ರಿ ನಾನು ಬೆಳಗಿನವರೆಗೆ ಮಗ್ಗುಲು ಬದಲಿಸದೆ ನಿದ್ದೆ ಮಾಡಿದೆ.

ಶ್ರುತಿಯ ವಿಷಯ ಆನೆಗೆ ಮಾತ್ರ ಹೇಳಬೇಡಿ.