ಋಷಿಕೊಂಡದಲ್ಲಿ ಪೆರು ದೇಶದ ಆಲೂಗಡ್ಡೆ

ವಿಜಯವಾಡದಲ್ಲಿದ್ದಾಗ ಬಂದ ಒಂದು ಜ್ವರ ನನ್ನ ಹೆಂಡತಿಯ ಬಾಯಿರುಚಿಯನ್ನು ಹೊತ್ತುಕೊಂಡು ಹೋಯಿತು. ಜ್ವರ ಬಿಟ್ಟಿತು, ರುಚಿ ಮಾತ್ರ ಮರಳಲಿಲ್ಲ. ಪಕ್ಕದ ಮನೆಯವರು ಕಣ್ಣಲ್ಲಿ ನೀರು ಬರಿಸುವ ಗೋಂಗೂರ ಚಟ್ನಿ ಕೊಟ್ಟರೂ ಅವಳಿಗೆ ಮಣ್ಣು ತಿಂದಂತೆಯೇ. ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದರು; ಮಧುರವಾಡದ ಹೊಸ ಮನೆಯಲ್ಲೂ ಅದೇ ಕಥೆ. ಅಡುಗೆಯನ್ನೇನೋ ಅವಳು ಬಿಡಲಿಲ್ಲ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಕೈಯಳತೆಯೇ ಅವಳಿಗೆ ಸಾಕಾಗಿತ್ತು. ನಾವು ಚಪ್ಪರಿಸಿ ಉಣ್ಣುತ್ತಿದ್ದೆವು, ಅವಳು ಮಾತ್ರೆ ನುಂಗುವ ಹಾಗೆ ಎರಡು ತುತ್ತು ನುಂಗಿ ಏಳುತ್ತಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ನನಗೆ ಭಯವಾಗತೊಡಗಿತ್ತು.

ದುವ್ವಾಡದ ಔಷಧ ಕಂಪನಿಯಲ್ಲಿ ಕೆಲಸ ಮಾಡುವ ಮಗಳು ಒಂದು ಭಾನುವಾರ, ಋಷಿಕೊಂಡ ಬೀಚಿನ ಹತ್ತಿರ ಪೆರು ದೇಶದ ಊಟದ ಹೋಟೆಲ್ ಶುರುವಾಗಿದೆ, ಅಮ್ಮನನ್ನು ಕರೆದುಕೊಂಡು ಹೋಗೋಣ ಎಂದಳು. ನಾನು ರೇಗಿದೆ. ತಿಳಿಸಾರೇ ಇಳಿಯದವಳಿಗೆ ಭೂಮಿಯ ಆಚೆ ಬದಿಯ ಊಟವೇ? ಅಲ್ಲಿ ಹಸಿ ಮೀನಿಗೆ ನಿಂಬೆರಸ ಹಿಂಡಿ ತಿನ್ನುತ್ತಾರಂತೆ, ನಮ್ಮಂಥ ಪುಳಿಚಾರಿನವರಿಗೆ ಏನು ಕೊಟ್ಟಾರು?

ಹೋದೆವು. ನಮ್ಮ ಮನೆಯಲ್ಲಿ ಮಗಳಿಗೆ ಎದುರಾಡುವವರು ಯಾರು? ಅವಳು ಸರ್ವರ್ ಜೊತೆ ತೆಲುಗಿನಲ್ಲಿ ಚರ್ಚೆ ಮಾಡಿ, ಮೀನು ಕೋಳಿ ಇಲ್ಲದ ಒಂದು ತಿನಿಸು ಹೇಳಿದಳು. ಬಂದದ್ದು ಆಲೂಗಡ್ಡೆ. ಬೇಯಿಸಿ ಕಿವುಚಿ, ನಿಂಬೆರಸವನ್ನೂ ಹಳದಿ ಮೆಣಸಿನಕಾಯಿಯನ್ನೂ ಕಲಸಿ, ತಣ್ಣಗೆ ಮಾಡಿ ಬಿಲ್ಲೆಯಾಗಿ ತಟ್ಟಿದ್ದರು. ಹೆಸರು ಕೌಸಾ. ದೋಸೆ ಹಾಕುವುದನ್ನು ಮರೆತು ಬರೀ ಪಲ್ಯ ಕೊಟ್ಟಿದ್ದಾರೆ ಎಂದು ಹಾಸ್ಯ ಮಾಡಿದೆ. ಯಾರೂ ನಗಲಿಲ್ಲ.

ಹೆಂಡತಿ ಒಂದು ಚಮಚ ಬಾಯಿಗಿಟ್ಟಳು. ಹುಬ್ಬು ಗಂಟಾಯಿತು. ಮತ್ತೊಂದು ಚಮಚ ತೆಗೆದುಕೊಂಡು ಕಣ್ಣು ಮುಚ್ಚಿದಳು. ಸೇರದಿದ್ದರೆ ಬಿಟ್ಟುಬಿಡು ಎನ್ನಲು ನಾನು ಬಾಯಿ ತೆರೆದಿದ್ದೆ.

"ಹುಳಿ ಸರಿಯಾಗಿದೆ ಕಣ್ರೀ, ಉಪ್ಪು ಕಮ್ಮಿ ಆಗೋಯ್ತು," ಎಂದಳು.

ಮಗಳು ಚಮಚ ಕೆಳಗಿಟ್ಟು ಅಮ್ಮನ ಮುಖವನ್ನೇ ನೋಡಿದಳು. ಅದನ್ನು ಕಂಡು ಸರ್ವರ್ ಓಡಿಬಂದ. ತಪ್ಪಾಗಿದ್ದರೆ ಬೇರೆ ತಂದುಕೊಡುವುದಾಗಿ ಹೇಳಿದ. ಬೇಡಪ್ಪಾ ಎಂದು ಕೈಯಾಡಿಸಿದೆ. ಅಡುಗೆಮನೆಗೆ ನುಗ್ಗಿ ಬಾಣಸಿಗನ ಎರಡೂ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಅವನು ಪೆರುವಿನವನೂ ಅಲ್ಲ, ಶ್ರೀಕಾಕುಳದವನಂತೆ. ಯಾವ ಊರಿನವನಾದರೇನು, ಅವನ ಋಣ ನಾನು ಮರೆಯುವುದಿಲ್ಲ. ನನ್ನ ಮಾತಿಗೆ ಸೊಪ್ಪು ಹಾಕದ ಮಗಳದ್ದಂತೂ ಇನ್ನೂ ದೊಡ್ಡದು.

ಅಷ್ಟರಲ್ಲಿ ಹೆಂಡತಿ ತಾನೇ ಉಪ್ಪು ಉದುರಿಸಿಕೊಂಡು ತಟ್ಟೆ ಖಾಲಿ ಮಾಡಿದ್ದಳು. ನನ್ನ ತಟ್ಟೆಯ ಕಡೆ ನೋಡಿ, "ನಿಮಗೆ ಬೇಡ್ವಾ?" ಎಂದು ಕೇಳಿದಳು.

ನಾನು ಅದನ್ನು ಅವಳ ಮುಂದಕ್ಕೆ ಸರಿಸಿದೆ.