ಮಾವ ಒರೆಸಿದ ಮೀಟರುಗಳು

ಬೊಂಬಾಯಿ ಮಾವನ ಅಂಗೈ ಬಿಳಿಚಿಕೊಂಡು ಗೆರೆಗೆರೆಯಾಗಿ ಒಡೆದಿತ್ತು. ಇಪ್ಪತ್ತೆರಡು ವರ್ಷ ಮುಂಬಯಿಯಲ್ಲಿ ವಿಮಾನ ತೊಳೆದ ಸೋಪಿನ ನೀರು ಹಾಗೆ ಮಾಡಿತ್ತು. 1997ರಲ್ಲಿ ಕೆಲಸ ಬಿಟ್ಟು ಕೋಟೇಶ್ವರಕ್ಕೆ, ನಮ್ಮ ಪಕ್ಕದ ಮನೆಗೆ ಬಂದರು. ಸಂಬಂಧದಲ್ಲಿ ಮಾವನಲ್ಲ, ಕೇರಿಗೆಲ್ಲ ಮಾವ.

ಅಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಪೈಲಟ್ ಸೀಟಿನಲ್ಲಿ ಕೂತಿರಲಿಲ್ಲ. ಹಿಂದಿನಿಂದ ಬಗ್ಗಿ ಮೀಟರುಗಳ ಗಾಜು ಒರೆಸಬೇಕು, ಸೀಟು ಮುಟ್ಟಬಾರದು. ಅದಕ್ಕೇ ಊರಿಗೆ ಬಂದ ಕೆಲವು ವರ್ಷಕ್ಕೆ ಕಂಪ್ಯೂಟರ್ ಕೊಂಡು, ಪರದೆಯ ಮೇಲೆ ವಿಮಾನ ಹಾರಿಸುವ ಸಿಮ್ಯುಲೇಟರ್ ಹಾಕಿಸಿದರು. ಅವರು ತೊಳೆಯುತ್ತಿದ್ದಂಥದೇ ಎರಡು ಪಂಖದ ಹಳೆಯ ವಿಮಾನದ ಕಂಪ್ಯೂಟರ್ ಮಾದರಿಯನ್ನು ಯಾರೋ ಹವ್ಯಾಸಿ ಅದಕ್ಕೆಂದು ತಯಾರಿಸಿದ್ದ. ಮುಂಬಯಿಯ ಗೆಳೆಯರೊಬ್ಬರು ಊರಿಗೆ ಬಂದಾಗ ಅದನ್ನು ಸೇರಿಸಿಕೊಟ್ಟಿದ್ದರು. ಹಾರುವ ಮೊದಲು ಮಾವ ಪರದೆಯ ಮೇಲಿನ ಒಂದೊಂದು ಮೀಟರನ್ನೂ ಬಟ್ಟೆಯಿಂದ ಒರೆಸುತ್ತಿದ್ದರು. “ಧೂಳ್ ಕೂತ್ರೆ ಎತ್ತರ ಸಮ ಕಾಣುದಿಲ್ಲೆ ಹೆಣ್ಣೆ” ಎನ್ನುತ್ತಿದ್ದರು.

2009ರಲ್ಲಿ ಆ ಕಂಪ್ಯೂಟರ್ ಕೈಕೊಡತೊಡಗಿತು. ಹೊಸದು ಬಂತು, ಅದರಲ್ಲಿ ಸಿಮ್ಯುಲೇಟರಿನ ಹೊಸ ಆವೃತ್ತಿ. ಹಳೆಯ ವಿಮಾನವನ್ನು ಅದಕ್ಕೆ ಸಾಗಿಸುವ ಕೆಲಸ ಕುಂದಾಪುರದಲ್ಲಿ ಬಿ.ಸಿ.ಎ. ಓದುತ್ತಿದ್ದ ನನ್ನದಾಯಿತು. ಸಕ್ಕರೆ ಕಾಯಿಲೆಯಿಂದ ಮಾವನ ಕಣ್ಣು ಮಂಜಾಗುತ್ತಿತ್ತು.

“ಬ್ಯಾಗ ಮಾಡ್ ಮಾರಾಯ್ತಿ. ನಂಗೆ ಕಾಂಬ್ದ್ ಇನ್ನೆಷ್ಟ್ ದಿನವೋ.”

ಪ್ರಯತ್ನಗಳ ಲೆಕ್ಕ ನನ್ನ ದಿನಚರಿಯಲ್ಲಿದೆ. ಒಂದು: ಪಟ್ಟಿಯಲ್ಲಿ ವಿಮಾನದ ಹೆಸರೇ ಇಲ್ಲ. ಎರಡು: ಹೆಸರು ಬಂತು, ಮೈಗೆ ಬಣ್ಣವಿಲ್ಲ. ಐದು: ಬಣ್ಣ ಬಂತು, ಹಾರಿತು, ಆದರೆ ಮೀಟರುಗಳಿರಬೇಕಾದಲ್ಲಿ ಆರು ಕಪ್ಪು ತೂತು. ಮೀಟರುಗಳು ಬೇರೆಯೇ ಫೋಲ್ಡರಿನಲ್ಲಿರುತ್ತವೆಂದು ತಿಳಿದದ್ದು ಆಗ. ನಾನು ವಿಮಾನದ ಫೋಲ್ಡರನ್ನಷ್ಟೇ ನಕಲು ಮಾಡಿ, ಹಿಂದಿನ ದಿನವೇ ಹಳೆಯ ಡಿಸ್ಕನ್ನು ಪೂರ್ತಿ ಅಳಿಸಿದ್ದೆ. ಅಳಿಸು ಎಂದು ಯಾರೂ ಹೇಳಿರಲಿಲ್ಲ. ಅಚ್ಚುಕಟ್ಟಾಗಿರಲಿ ಎಂದು ನಾನೇ ಮಾಡಿದ್ದು. ಅದನ್ನು ಕೊಟ್ಟಿದ್ದ ಮುಂಬಯಿಯ ಗೆಳೆಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಇಂಟರ್ನೆಟ್ಟಿನಲ್ಲಿ ಹನ್ನೊಂದು ಕಡೆ ಹುಡುಕಿದೆ. ಸಿಗಲಿಲ್ಲ.

ಮಾವನಿಗೆ ನಿಜ ಹೇಳಿದೆ.

ಆಮೇಲೆ ಬೇರೊಂದು ವಿಮಾನದ ಮೀಟರುಗಳನ್ನು ತಂದು ಆ ತೂತುಗಳಿಗೆ ಕೂರಿಸಿದೆ. ಎಲ್ಲವೂ ಕೆಲಸ ಮಾಡಿದವು. ಮಾವ ಪರದೆಗೆ ಮುಖ ತಾಗುವಷ್ಟು ಬಗ್ಗಿ ಒಂದೊಂದನ್ನೇ ಒರೆಸಿದರು. ಮೂರನೆಯದಕ್ಕೆ ಕೈ ನಿಂತಿತು.

“ಇದ್ ನಾನ್ ಒರ್ಸಿದ್ದಲ್ಲ.”

“ತಪ್ಪಾಯ್ತ್ ಮಾವ.”

“ಇರ್ಲಿ, ಹಾರತ್ತಲ್ದಾ? ನೀನ್ ಮದಿ ಆಯ್ ಗಂಡನ್ ಮನಿಗ್ ಹೋದ್ಕೂಡ್ಲೆ ಅಲ್ಲಿನ ಹಳೆ ಪಾತ್ರಿ ಎಲ್ಲ ಹೊರ್ಗ್ ಹಾಕುವವ್ಳೇ!”

ನಕ್ಕರು. ಬಟ್ಟೆ ಮಡಚಿಟ್ಟರು. ಆಮೇಲೆ ಅವರು ಒರೆಸಿದ್ದನ್ನು ನಾನು ನೋಡಲಿಲ್ಲ. ಒಂಬತ್ತು ಸಲ ಹಾರಿದರು, ಅಷ್ಟರಲ್ಲಿ ಕಣ್ಣು ಹೋಯಿತು. 2011ರ ಮಳೆಗಾಲದಲ್ಲಿ ಅವರೂ ಹೋದರು.

ಉತ್ತರಕ್ರಿಯೆಯ ಬೊಜ್ಜ ಕಳೆದ ಮರುದಿನ ಅವರ ಮನೆಗೆ ಹೋದೆ. ಮಾವನ ಹೆಂಡತಿ, ನನಗೆ ಅತ್ತೆ, ಅವರ ಅಂಗಿಗಳನ್ನು ಮಡಚುತ್ತಿದ್ದರು.

“ಹಳೆ ಕಂಪ್ಯೂಟರ್ ಸುಟ್ಟ್ ಹೋಯ್ ಆ ವಿಮಾನ ಹಾಳಾಯ್ತ್ ಅಂತಿದ್ರ್ ಅವ್ರ್. ಉಳ್ಸುಕೆ ಈ ಹೆಣ್ಣ್ ಎಷ್ಟ್ ಕಷ್ಟಪಟ್ಟಿತ್ ಅಂದೇಳಿ ಬಂದವ್ರತ್ರ ಎಲ್ಲ ಹೇಳ್ತಿದ್ರ್.”

“ಸುಟ್ಟ್ ಹೋದ್ದಲ್ಲ ಅತ್ತೆ. ಅಳ್ಸಿದ್ದ್ ನಾನೇ. ಮಾವಂಗೆ ಗೊತ್ತಿತ್ತ್.”

ಅತ್ತೆ ಕೈಯಲ್ಲಿದ್ದ ಅಂಗಿಯನ್ನು ಪೂರ್ತಿ ಮಡಚಿ ಮುಗಿಸಿದರು.

“ಅವ್ರ್ ಹೇಳಿದ್ದೇ ಇರ್ಲಿ” ಎಂದರು.