ಎರಡು ಬೆರಳಿನ ಚಿಕ್ಕಮ್ಮ

ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ಹದಿನಾರು ವರ್ಷದಿಂದ ಟೈಪಿಸ್ಟ್. ಅರೆಗತ್ತಲ ಕೋಣೆಯಲ್ಲಿ ಡಾಕ್ಟರು ರೋಗಿಯ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಸಾಧನ ಆಡಿಸುತ್ತ ಕಂಡದ್ದನ್ನು ಹೇಳುತ್ತ ಹೋಗುತ್ತಾರೆ, ಮೂಲೆಯ ಮೇಜಿನಲ್ಲಿ ಚಿಕ್ಕಮ್ಮ ಅದನ್ನು ಟೈಪ್ ಮಾಡುತ್ತಾಳೆ. ಹತ್ತರಲ್ಲಿ ಎರಡೇ ಬೆರಳಿಗೆ ಕೆಲಸ, ಉಳಿದ ಎಂಟಕ್ಕೆ ರಜೆ. ಕಣ್ಣು ಸದಾ ಕೀಬೋರ್ಡಿನ ಮೇಲೆ. ಆದರೂ ಡಾಕ್ಟರ ಮಾತು ಮುಗಿಯುವ ಹೊತ್ತಿಗೆ ಅವಳ ಬೆರಳೂ ನಿಂತಿರುತ್ತಿತ್ತು. ಆ ವೇಗದ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು.

ಕಳೆದ ತಿಂಗಳು ಒಂದು ಎಡವಟ್ಟಾಯಿತು. ಒಬ್ಬ ಅಜ್ಜನ ವರದಿ ಮುಗಿದಿತ್ತು, ಮುಂದೆ ಒಬ್ಬಳು ಹೆಂಗಸು ಬಂದು ಮಲಗಿದಳು. ಕಂಪ್ಯೂಟರಿನಲ್ಲಿ ಅಜ್ಜನ ಹಾಳೆ ಇನ್ನೂ ತೆರೆದೇ ಇತ್ತು. ತಲೆ ಎತ್ತದ ಚಿಕ್ಕಮ್ಮ ಹೆಂಗಸಿನ ವರದಿಯನ್ನೂ ಅದರ ಕೆಳಗೇ ಬರೆದುಕೊಂಡು ಹೋದಳು. ಡಾಕ್ಟರೂ ಅವಸರದಲ್ಲಿ ಸಹಿ ಹಾಕಿದರು. ಸ್ವಲ್ಪ ಹೊತ್ತಿಗೆ ಅಜ್ಜನ ಮಗ ಕೌಂಟರಿನಲ್ಲಿ ನಿಂತು, "ನಮ್ಮಪ್ಪನ ಗರ್ಭಕೋಶ ಆರೋಗ್ಯವಾಗಿದೆ ಅಂತ ಬರೆದಿದ್ದೀರಿ, ಬಹಳ ಸಂತೋಷ" ಎಂದ. ಕಾಯುತ್ತಿದ್ದವರೆಲ್ಲ ನಕ್ಕರು.

ಡಾಕ್ಟರು ನಗಲಿಲ್ಲ. "ಇದು ನಗು ಬರೋ ತಪ್ಪು, ಬಚಾವಾದ್ವಿ. ನಗು ಬರದೇ ಇರೋ ತಪ್ಪಾಗಿದ್ರೆ? ತಿಂಗಳೊಳಗೆ ಸ್ಕ್ರೀನ್ ನೋಡ್ಕೊಂಡು ಟೈಪ್ ಮಾಡೋದು ಕಲೀರಿ. ಆಗಲ್ಲ ಅಂದ್ರೆ ರಿಪೋರ್ಟ್ ಕವರಿಗೆ ಹಾಕೋ ಕೆಲಸಕ್ಕೆ ಹೋಗಿ, ಈ ಕುರ್ಚಿಗೆ ಬೇರೆಯವರನ್ನ ನೋಡ್ತೀನಿ."

ಚಿಕ್ಕಮ್ಮ ನೇರ ನಮ್ಮ ಮನೆಗೆ ಬಂದಳು. ಕಾಲೇಜಿಗೆ ಹೋಗುತ್ತಿದ್ದಾಗ ರಜೆಯಲ್ಲಿ ಟೈಪಿಂಗ್ ಕಲಿತವಳು ಮನೆಯಲ್ಲಿ ನಾನೊಬ್ಬಳೇ. "ನಲವತ್ತೇಳು ವರ್ಷ ನಡೆದಾಡಿದೋಳಿಗೆ ಈಗ ನಡಿಗೆ ಕಲಿ ಅಂತಾರಲ್ಲೇ" ಎಂದಳು.

"ಕಲಿಯೋಕೇನು ಚಿಕ್ಕಮ್ಮ, ಹದಿನೈದು ದಿನದ ಮಾತು" ಎಂದುಬಿಟ್ಟೆ. ನಾಲಿಗೆಗೆ ಮೂಳೆ ಇಲ್ಲ ನೋಡಿ.

ದಿನಾ ಸಂಜೆ ಊಟದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟು, ಅವಳ ಕೈಗಳ ಮೇಲೆ ನನ್ನ ಮಗುವಿನ ಟವೆಲ್ ಹೊದಿಸುತ್ತಿದ್ದೆ. ತೋರುಬೆರಳು ಕೂರಬೇಕಾದ ಎರಡು ಕೀಗಳ ಮೇಲೆ ಸಣ್ಣ ಗೆರೆ ಉಬ್ಬಿರುತ್ತದೆ, ಅದನ್ನು ತಡವಿ ನೋಡು ಎಂದೆ.

"ಇದಾ? ನಾನು ಕೊಳೆ ಅಂದ್ಕೊಂಡು ಉಗುರಲ್ಲಿ ಕೆರೆದೂ ಕೆರೆದೂ ನಮ್ಮ ಸೆಂಟರಿನದ್ದು ಸವೆದೇ ಹೋಗಿದೆ."

ಕಿರುಬೆರಳು ಅವಳ ಮಾತು ಕೇಳುತ್ತಿರಲಿಲ್ಲ. ಉಂಗುರದ ಬೆರಳು ಎತ್ತು ಎಂದರೆ ಪಕ್ಕದ್ದೂ ಜೊತೆಗೆ ಏಳುತ್ತಿತ್ತು. ತೊಡೆಯ ಮೇಲಿದ್ದ ನನ್ನ ಮಗಳು ಮುಷ್ಟಿಯಿಂದ ಕೀಬೋರ್ಡ್ ಗುದ್ದಿದರೆ, "ಇವಳೇ ವಾಸಿ, ಯಾವ ಬೆರಳು ಅನ್ನೋ ಚಿಂತೆಯೇ ಇಲ್ಲ" ಎನ್ನುತ್ತಿದ್ದಳು.

ಮೂರನೇ ವಾರ ಮುಖ ಸಣ್ಣದು ಮಾಡಿಕೊಂಡು ಬಂದಳು. ಹತ್ತು ಬೆರಳು ಇನ್ನೂ ಹಿಡಿತಕ್ಕೆ ಸಿಕ್ಕಿರಲಿಲ್ಲ. ಅವಸರಕ್ಕೆ ಹಳೆಯ ಎರಡು ಬೆರಳಿಗೆ ಮರಳಿದರೆ ಅವೂ ಅಕ್ಷರ ಹುಡುಕುತ್ತ ನಿಂತುಬಿಟ್ಟವಂತೆ. ಹೊರಗೆ ಸ್ಕ್ಯಾನಿಗೆಂದು ಬಾಟಲಿಗಟ್ಟಲೆ ನೀರು ಕುಡಿದು ತಡೆದುಕೊಂಡು ಕೂತವರೆಲ್ಲ ಬಾಗಿಲು ತೆರೆದಾಗಲೆಲ್ಲ ಇವಳನ್ನೇ ಕೆಕ್ಕರಿಸಿ ನೋಡಿದರಂತೆ.

"ಇದ್ದ ಎರಡನ್ನೂ ಕೆಡಿಸಿಬಿಟ್ಟೆ ಕಣೆ ನೀನು" ಎಂದಳು. ಬೈಗುಳದ ದನಿಯಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ನಾನು ಕಲಿಸಿದೆನೋ ಮರೆಸಿದೆನೋ? ದುಡಿದು ಪಳಗಿದ ಕೈಯನ್ನು ತಿದ್ದಲು ನಾನು ಯಾರು? ನನ್ನ ಗಂಡನನ್ನು ಕೇಳಿದರೆ, "ಪ್ರತಿ ರೋಗಿಗೂ ಒಂದು ಸಲ ಸ್ಕ್ರೀನ್ ನೋಡಿ ಶುರು ಮಾಡು ಅಂದಿದ್ರೆ ಸಾಕಾಗ್ತಿತ್ತು" ಎಂದರು. ಹೌದಲ್ಲ ಅನ್ನಿಸಿತು. ಮರುಗಳಿಗೆ ಅಲ್ಲ ಅನ್ನಿಸಿತು.

ತಿಂಗಳು ಮುಗಿಯುವ ದಿನ, ನಿನ್ನೆ, ಡಾಕ್ಟರು ಪರೀಕ್ಷೆ ಗಿರೀಕ್ಷೆ ಏನೂ ಇಡಲಿಲ್ಲವಂತೆ. ಎಂದಿನ ಹಾಗೇ ಹೇಳುತ್ತ ಹೋದರು. ಚಿಕ್ಕಮ್ಮ ಹತ್ತೂ ಬೆರಳಿಟ್ಟು ತಲೆ ಎತ್ತಿ ಕೂತಳು. ಎರಡನೇ ಸಾಲಿಗೇ ಹಿಂದೆ ಬಿದ್ದು, ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ "ಸರ್, ಸ್ವಲ್ಪ ನಿಧಾನ" ಎಂದಳು. ಅವರು ನಿಧಾನಿಸಿದರು.

ಆರನೇ ರೋಗಿಯ ಸರದಿ. "ಬಲಗಡೆ ಕಿಡ್ನಿಯಲ್ಲಿ ಏಳು ಮಿಲಿಮೀಟರ್ ಕಲ್ಲು" ಎಂದರು ಡಾಕ್ಟರು. ಚಿಕ್ಕಮ್ಮನ ಕಣ್ಣು ಸ್ಕ್ರೀನಿನಿಂದ ಆಚೆ ಸರಿಯಿತು. ಆಸಾಮಿ ಬಲಕ್ಕೆ ಹೊರಳಿ ಮಲಗಿದ್ದ. ಡಾಕ್ಟರ ಕೈ ಅವನ ಎಡಪಕ್ಕೆಯ ಮೇಲಿತ್ತು.

ತನಗೇ ಎಡಬಲ ತಿಳಿಯುತ್ತಿಲ್ಲವೇನೋ ಎಂದು ಮೊದಲು ತನ್ನ ಕೈಗಳನ್ನೇ ನೋಡಿಕೊಂಡಳಂತೆ. ಆಮೇಲೆ ಮೆಲ್ಲಗೆ, "ಸರ್, ಬಲಗಡೆನಾ?" ಎಂದಳು.

ಡಾಕ್ಟರು ಕೈ ನಿಲ್ಲಿಸಿದರು. "ಎಡ. ಎಡ ಅಂತ ಬರೀರಿ" ಎಂದರು. ಮಧ್ಯಾಹ್ನ ಹೊರಡುವಾಗ ಬಾಗಿಲಲ್ಲಿ ನಿಂತು, "ಕುರ್ಚಿ ನಿಮ್ಮದೇ. ಸ್ಪೀಡ್ ಮಾತ್ರ ಸ್ವಲ್ಪ ನೋಡ್ಕೊಳ್ಳಿ" ಎಂದರಂತೆ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಂದು ಇದನ್ನೆಲ್ಲ ಹೇಳಿದಾಗ, "ಗೆದ್ದೆಯಲ್ಲ ಚಿಕ್ಕಮ್ಮ" ಎಂದೆ.

"ಗೆದ್ದೆ ಅಂತ್ಲೇ ನಿನ್ನೆ ಬಸ್ ಹತ್ತಿದೆ. ಇಳಿಯೋ ಹೊತ್ತಿಗೆ ತಲೆ ಕೆಟ್ಟುಹೋಯ್ತು. ಹದಿನಾರು ವರ್ಷ ತಲೆ ತಗ್ಗಿಸಿ ಕೂತಿದ್ನಲ್ಲೇ. ಅವರು ಅಂದಿದ್ದನ್ನೆಲ್ಲ ಬರೆದೆ. ಅದರಲ್ಲಿ ಎಷ್ಟು ಎಡ ಎಷ್ಟು ಬಲ ಆಯ್ತೋ?"

"ಸಹಿ ಹಾಕೋ ಮುಂಚೆ ಅವರು ಓದ್ತಾರಲ್ಲ."

"ಅಜ್ಜನ ಗರ್ಭಕೋಶ ಓದಿದ್ರಾ?"

ಮಗಳ ಬಾಯಿ ಒರೆಸಿದೆ.

"ನಿನ್ನೆ ನನ್ನ ನಿಧಾನಕ್ಕೆ ಹನ್ನೊಂದು ಜನರನ್ನ ನಾಳೆ ಬನ್ನಿ ಅಂತ ಕಳಿಸಿದ್ರು. ಒಬ್ಬಳು ತುಂಬು ಗರ್ಭಿಣಿ. ಬೇಗ ಬರೆದ್ರೆ ತಲೆ ತಗ್ಗುತ್ತೆ, ತಲೆ ಎತ್ತಿದ್ರೆ ಅವರೆಲ್ಲ ಕಾಯ್ಬೇಕು. ನೀನೇ ಹೇಳು, ನಾನಿವತ್ತು ಯಾವ ಥರ ಟೈಪ್ ಮಾಡ್ಲಿ?"

ತಿಂಗಳಿಡೀ ಗುರುವಿನ ಗತ್ತಿನಲ್ಲಿ ಕೂತಿದ್ದವಳು ನಾನು. "ಗೊತ್ತಾಗ್ತಿಲ್ಲ ಚಿಕ್ಕಮ್ಮ" ಎಂದೆ.

"ಸದ್ಯ, ನಿನಗೆ ಗೊತ್ತಿದ್ದಿದ್ರೆ ನನಗೆ ಇನ್ನೂ ಬೇಜಾರಾಗ್ತಿತ್ತು" ಎಂದು ಎದ್ದಳು. ಚಪ್ಪಲಿ ಮೆಟ್ಟುತ್ತ, "ಮೊದಲನೇ ರೋಗಿಗೆ ಹತ್ತೂ ಬೆರಳು ಇಡ್ತೀನಿ. ಆಮೇಲೆ ಗರ್ಭಿಣಿಯರು ಎಷ್ಟು ಜನ ಅಂತ ಕೇಳ್ಕೊಂಡು ನೋಡೋಣ" ಎಂದಳು. ಅವಳ ಎಂದಿನ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು, ಅದಕ್ಕೆ ಮುಂಚಿನದನ್ನು ಹಿಡಿಯಲು ಹೊರಟಿದ್ದಳು. ಅಷ್ಟು ಬೇಗ ಅವಳು ಎಂದೂ ಹೊರಟವಳಲ್ಲ.